ತೊಳೆದ ಹೆಬ್ಬೆರಳು

ಬೆರಳು ನೋಡಿ ಯಜಮಾನನ ಗುರುತು ಹಿಡಿಯುವ ಫೋನನ್ನು ಕಂಡುಹಿಡಿದ ಪುಣ್ಯಾತ್ಮ ತನ್ನ ಜನ್ಮದಲ್ಲಿ ಒಬ್ಬ ಬೈಂಡರನ ಕೈ ಕುಲುಕಿರಲಿಕ್ಕಿಲ್ಲ. ಕುಲುಕಿದ್ದರೆ, ಆ ಸಂಜೆ ಅಂಟಣ್ಣ ಶಾಲೆಯ ಸಭಾಂಗಣದ ಬಾಗಿಲಲ್ಲಿ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಲ್ಲಬೇಕಾಗುತ್ತಿರಲಿಲ್ಲ.

ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟು ಕಟ್ಟಿಕೊಡುವುದು ಅಂಟಣ್ಣನ ಕಸುಬು. ಹೆಸರು ಬೀದಿಯವರು ಸೇರಿ ಇಟ್ಟದ್ದು, ಅವನಿಗೂ ಬೇಸರವಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನ ಬಲಗೈ ಹೆಬ್ಬೆರಳ ಮೇಲೆ ಒಣಗಿದ ಗೋಂದಿನ ಪದರವೊಂದು ಬಿಡಾರ ಹೂಡಿತ್ತು. ಫೋನು ಕೊಂಡ ದಿನ ಅಂಗಡಿಯವನು "ಇಲ್ಲಿ ಬೆರಳಿಡಿ ಸರ್" ಎಂದಾಗ ಅವನು ಇಟ್ಟದ್ದು ಆ ಪದರವನ್ನೇ. ಫೋನು ಪಾಪ, ಗೋಂದನ್ನೇ ಯಜಮಾನನೆಂದು ನಂಬಿಬಿಟ್ಟಿತು. ನಾಲ್ಕು ತಿಂಗಳು ಯಾವ ತಕರಾರೂ ಇರಲಿಲ್ಲ.

ಇವತ್ತು ಮಗಳು ಪುಟ್ಟಿಯ ನಾಟಕ. ಒಂಬತ್ತು ವರ್ಷದ ಪುಟ್ಟಿಗೆ ಪೋಸ್ಟ್‌ಮ್ಯಾನ್ ಪಾತ್ರ. ಇಡೀ ನಾಟಕದಲ್ಲಿ ಅವಳಿಗಿದ್ದದ್ದು ಒಂದೇ ಒಂದು ಮಾತು: "ಅಮ್ಮಾ, ನಿಮಗೊಂದು ಕಾಗದ ಬಂದಿದೆ." ಅದನ್ನು ಒಂದು ತಿಂಗಳಿಂದ ಮನೆಯ ಎಲ್ಲ ಬಾಗಿಲುಗಳ ಮುಂದೆ, ಬಟ್ಟೆಯ ಬೀರುವನ್ನೂ ಬಿಡದೆ, ಹೇಳಿ ಹೇಳಿ ಹದ ಮಾಡಿಕೊಂಡಿದ್ದಳು. ಉಳಿದ ಅಪ್ಪಂದಿರು ಅರ್ಧ ಗಂಟೆ ತಡವಾಗಿ ಬಂದರೂ ಮಕ್ಕಳ ಪಾತ್ರ ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಅಂಟಣ್ಣನಿಗೆ ಆ ಭಾಗ್ಯವಿಲ್ಲ. ಮೂರನೇ ದೃಶ್ಯದಲ್ಲಿ ಆ ಒಂದು ಮಾತು ಮುಗಿದರೆ ಮುಗಿಯಿತು.

ಮಗಳನ್ನು ಕರೆದುಕೊಂಡು ಮೊದಲೇ ಹೊರಟ ಹೆಂಡತಿ, "ರೀ, ಆ ಕೈ ಸ್ವಲ್ಪ ತೊಳ್ಕೊಂಡು ಬನ್ನಿ. ಚಪ್ಪಾಳೆ ತಟ್ಟಿದ್ರೆ ಎರಡೂ ಅಂಟ್ಕೊಂಡ್ಬಿಡುತ್ತೆ" ಎಂದಿದ್ದಳು. ಮಾತು ನಾಟಿತು. ಅಂಗಡಿ ಮುಚ್ಚಿದವನೇ ಬಿಸಿನೀರಿನಲ್ಲಿ ಕೈ ನೆನೆಹಾಕಿ, ಸೋಪು ಹಚ್ಚಿ, ಒರಟು ಬ್ರಷ್ಷಿನಿಂದ ಉಜ್ಜಿದ. ಎಷ್ಟೋ ವರ್ಷಗಳ ಮೇಲೆ ಸ್ವಂತ ಚರ್ಮ ಕಂಡಿತು. ಅದನ್ನು ನೋಡಿ ಅವನಿಗೆ ಖುಷಿಯೂ ಆಯಿತು.

ಆ ಖುಷಿ ಸಭಾಂಗಣದ ಬಾಗಿಲವರೆಗೆ ಬಾಳಿತು. ಅಲ್ಲಿ ಟಿಕೆಟ್ ನೋಡುವ ಯಂತ್ರ ಹಿಡಿದು ಡ್ರಾಯಿಂಗ್ ಟೀಚರ್ ಕೂತಿದ್ದರು.

"ಟಿಕೆಟ್ ತೋರ್ಸಿ ಸರ್, ಎರಡನೇ ಸೀನ್ ನಡೀತಿದೆ."

ಟಿಕೆಟ್ ಇದ್ದದ್ದು ಫೋನಿನೊಳಗೆ. ಅಂಟಣ್ಣ ಹೆಬ್ಬೆರಳಿಟ್ಟ. ಬೆರಳು ಹೊಂದುತ್ತಿಲ್ಲ ಎಂದಿತು ಫೋನು. ಪ್ಯಾಂಟಿಗೆ ಒರೆಸಿ ಇಟ್ಟ, ಊದಿ ಇಟ್ಟ, ಒತ್ತಿ ಇಟ್ಟ. ಅದಕ್ಕೆ ಇವನ ಪರಿಚಯವೇ ಇಲ್ಲ! ಇನ್ನು ಎರಡೇ ಸಲ, ಆಮೇಲೆ ಒಂದು ಗಂಟೆ ಬೀಗ. ಇಲ್ಲವಾದರೆ ಗುಪ್ತ ಸಂಖ್ಯೆ ಹಾಕಿ ಎಂದು ಗದರಿಸಿತು.

ಗುಪ್ತ ಸಂಖ್ಯೆಯ ಕಥೆ ಇನ್ನೂ ಚೆಂದ. ಹಳೆಯದು ಸುಲಭವಾಯಿತು, ಬದಲಿಸಿ ಎಂದು ಫೋನು ಮೊನ್ನೆ ಪ್ರಾಣ ತಿಂದಿತ್ತು. ಬದಲಿಸಿ, ಮರೆಯದಿರಲೆಂದು ರದ್ದಿ ಕಾಗದದ ಪಟ್ಟಿಯ ಮೇಲೆ ಬರೆದು ಮೇಜಿನ ಮೇಲಿಟ್ಟಿದ್ದ. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಒಳಗಡೆ ರದ್ದಿ ಪಟ್ಟಿ ಅಂಟಿಸುವುದು ಬೈಂಡರರ ರೂಢಿ. ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು. ಆ ಸಂಖ್ಯೆ ಈಗ ವಕೀಲರೊಬ್ಬರ ದಪ್ಪ ಪುಸ್ತಕದ ಬೆನ್ನೊಳಗೆ, ಅಪ್ಪನಾಣೆಗೂ ಯಾರಿಗೂ ಸಿಗದಷ್ಟು ಭದ್ರವಾಗಿ ಕೂತಿತ್ತು.

"ಮೇಡಂ, ಒಳಗೆ ನನ್ನ ಮಗಳಿದಾಳೆ. ಪೋಸ್ಟ್‌ಮ್ಯಾನ್."

"ಇಲ್ಲಿ ಬರೋರೆಲ್ಲ ಯಾರದೋ ಅಪ್ಪ-ಅಮ್ಮಾನೇ ಸರ್. ಈ ಯಂತ್ರ ಕುಂಯ್ ಅಂದ್ರೆ ಮಾತ್ರ ನೀವು ಬಂದ ಹಾಗೆ. ಒಳಗೆ ಒಂದು ತಲೆ ಜಾಸ್ತಿಯಾದ್ರೆ ಹೆಡ್‌ಮಾಸ್ಟ್ರು ನನ್ನ ತಲೆ ತೆಗೀತಾರೆ." ಟೀಚರಿಗೂ ಪಾಪ ಅನ್ನಿಸಿರಬೇಕು, ತಮ್ಮ ಫೋನನ್ನೇ ಮುಂದೆ ಚಾಚಿದರು. "ತಗೊಳ್ಳಿ, ಮನೆಯವರಿಗೆ ಫೋನ್ ಮಾಡಿ."

ಹೆಂಡತಿಯ ನಂಬರು ಅಂಟಣ್ಣನ ಫೋನಿಗೆ ಗೊತ್ತಿತ್ತು. ಅಂಟಣ್ಣನಿಗೆ ಗೊತ್ತಿರಲಿಲ್ಲ.

ಒಳಗೆ ಚಪ್ಪಾಳೆ ಬಿತ್ತು. ಎರಡನೇ ದೃಶ್ಯ ಮುಗಿದಿತ್ತು. ಅಂಟಣ್ಣ ಸುತ್ತ ಕಣ್ಣಾಡಿಸಿದ. ಅಷ್ಟರಲ್ಲಿ ಟೀಚರ ಮೇಜಿನ ಮೇಲೆ, ರಟ್ಟಿನ ಕಿರೀಟಗಳ ಪಕ್ಕದಲ್ಲಿ, ಗೋಂದಿನ ಬಾಟಲಿ ಕಂಡಿತು.

"ಮೇಡಂ, ಒಂದು ಹನಿ ಗೋಂದು ಕೊಡಿ."

"ಯಾಕೆ, ಫೋನ್ ಒಡ್ದಿದ್ಯಾ?"

"ಫೋನಿಗಲ್ಲ, ನನಗೆ."

ಟೀಚರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಹೆಬ್ಬೆರಳಿಗೆ ಬಳಿದುಕೊಂಡು ಅವಸರದಲ್ಲಿ ಇಟ್ಟ. ಹಸಿ ಗೋಂದು. ಹೊಂದುತ್ತಿಲ್ಲ, ಇನ್ನು ಒಂದೇ ಸಲ. ಅವನು ನಾಲ್ಕೇ ಮಾತಿನಲ್ಲಿ ತನ್ನ ಬೆರಳಿನ ಪುರಾಣ ಹೇಳಿದ. ಟೀಚರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು, ಕೈಗೆ ಸಿಕ್ಕ ಕರಪತ್ರಗಳ ಕಟ್ಟಿನಿಂದ ಅವನ ಹೆಬ್ಬೆರಳಿಗೆ ಗಾಳಿ ಹಾಕತೊಡಗಿದರು.

"ಒಣಗ್ತಾ?"

"ಇಲ್ಲ, ಇನ್ನೂ ಜಿಗುಟು."

"ಈಗ?"

"ತಡೀರಿ ಮೇಡಂ, ಇದರಲ್ಲಿ ಅವಸರ ನಡೆಯೋಲ್ಲ."

ಬೀದಿಯಲ್ಲಿ ಇಂಥ ಮಾತನ್ನು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುವವನೇ ಅವನು. ಇವತ್ತು ತನಗೇ ಹೇಳಿಕೊಳ್ಳಬೇಕಾಯಿತು. ಕೊನೆಗೆ ಪದರ ಮುದುರದೆ ಬಿಗಿಯಿತು. ಕೊನೆಯ ಸಲ ಬೆರಳಿಟ್ಟ. ಫೋನು ಹಳೆಯ ನೆಂಟನನ್ನು ಕಂಡಂತೆ ತೆರೆದುಕೊಂಡಿತು. ಟಿಕೆಟ್ಟಿನ ಆ್ಯಪ್ ಒತ್ತಿದ್ದೇ, ಈ ಆ್ಯಪ್ ನಿಮಗೆ ಎಷ್ಟು ಇಷ್ಟವಾಯಿತು, ನಕ್ಷತ್ರ ಕೊಡಿ ಎಂದು ಅಡ್ಡ ನಿಂತಿತು. ನಿನ್ನ ಮನೆ ಹಾಳಾಗ ಎಂದು ಬೈಯುತ್ತ ಅಂಟಣ್ಣ ಐದಕ್ಕೆ ಐದೂ ಕೊಟ್ಟ. ಯಂತ್ರ ಕುಂಯ್ ಎಂದಿತು. ಟೀಚರೇ ಬಾಗಿಲು ತಳ್ಳಿ, "ಓಡಿ ಓಡಿ" ಎಂದರು.

ಒಳಗೆ ಎಲ್ಲವೂ ನಿಂತುಹೋಗಿತ್ತು. ವೇದಿಕೆಯ ಮೇಲೆ ಖಾಕಿ ಟೋಪಿ, ಮೊಣಕಾಲು ಮುಟ್ಟುವ ಚೀಲ ಹಾಕಿಕೊಂಡ ಪುಟ್ಟಿ ಬಾಯಿ ಮುಚ್ಚಿ ನಿಂತಿದ್ದಳು. ಅಮ್ಮನ ಪಾತ್ರದ ಹುಡುಗಿ ಬಾಗಿಲು ತೆರೆದು ಸುಸ್ತಾಗಿದ್ದಳು. ಪರದೆಯ ಹಿಂದಿನಿಂದ ಯಾರೋ ಮಾತು ಪಿಸುಗುಟ್ಟಿ ಹೇಳಿಕೊಡುತ್ತಿದ್ದರು. ಅಲ್ಲಲ್ಲಿ ಕಿಸಕ್ ನಗು. ಮೂರನೇ ಸಾಲಿನಲ್ಲಿ ಹೆಂಡತಿ ಸೆರಗಿನ ತುದಿ ಹಿಸುಕುತ್ತಿದ್ದಳು. ಅಂಟಣ್ಣ ಅಂದುಕೊಂಡ, ಮಗು ಒಂದು ತಿಂಗಳು ಕಲಿತದ್ದನ್ನು ಮರೆತುಬಿಟ್ಟಿತಲ್ಲ!

ಕುರ್ಚಿ ಹುಡುಕುವುದನ್ನೂ ಮರೆತು ಅವನು ನಡುದಾರಿಯಲ್ಲೇ ನಿಂತ. ಪುಟ್ಟಿ ಅವನನ್ನು ನೋಡಿದಳು.

"ಅಮ್ಮಾ, ನಿಮಗೊಂದು ಕಾಗದ ಬಂದಿದೆ!"

ಸೂರು ಹಾರಿಹೋಗುವ ಹಾಗೆ, ಒಂದಕ್ಷರ ತಪ್ಪದೆ. ಸಭೆಯೆಲ್ಲ ಹೋ ಎಂದು ಚಪ್ಪಾಳೆ ತಟ್ಟಿತು.

ನಾಟಕ ಮುಗಿದ ಮೇಲೆ ಅಂಟಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದ, "ಮಾತು ಮರ್ತು ಹೋಗಿತ್ತಾ ಪುಟ್ಟಿ?"

ಪುಟ್ಟಿಗೆ ಸಿಟ್ಟೇ ಬಂತು. "ಮರೆಯೋಕೆ ಅದೇನು ಅಷ್ಟುದ್ದ ಇದ್ಯಾ? ನೀನೇ ಬಂದಿರ್ಲಿಲ್ಲ. ಎಷ್ಟು ಹೊತ್ತು ಅಂತ ಬಾಗ್ಲಲ್ಲಿ ನಿಂತ್ಕೊಂಡಿರೋದಪ್ಪಾ, ಕಾಲು ನೋವು ಬಂತು."