ಆಮೇಲೆ ಸಿಗೋಣ

ಮೂಡಣದ ಲೆವಾಂತೆ ಗಾಳಿ ಎದ್ದರೆ ತಾರಸಿಯ ಬಟ್ಟೆಗಳೆಲ್ಲ ಪಕ್ಕದ ಬೀದಿಯವರ ಪಾಲಾಗುತ್ತವೆ. ಅದಕ್ಕೇ ಇನ್ಮಾ ಬೆಳಿಗ್ಗೆ ಎಂಟಕ್ಕೆಲ್ಲ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮೇಲೆ ಬಂದಿದ್ದಳು. ಏಳು ವರ್ಷದ ಮಗಳು ಪಾಲ್ಮಾ ಪಕ್ಕದಲ್ಲಿ ನಿಂತು ಲಂಗದ ಅಂಚಿಗೆ ಸಾಲಾಗಿ ಸಿಕ್ಕಿಸಿಕೊಂಡಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಕೊಡುತ್ತಿದ್ದಳು. ಎರಡನೆಯ ದುಪ್ಪಟಿಯ ಒಂದು ತುದಿ ಹಗ್ಗಕ್ಕೆ ಸಿಕ್ಕಿತ್ತು, ಇನ್ನೊಂದು ಇನ್ಮಾಳ ಕೈಯಲ್ಲೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ ರೆಮೆಯ ಧ್ವನಿ ಬಂತು.

"ಏ ಇನ್ಮಾ, ಸ್ವಲ್ಪ ಬಗ್ಗಿ ನೋಡೇ. ನಿಮ್ಮನೆ ಹುಡುಗಿ ನನ್ನ ಮೆಟ್ಟಿಲ ಮೇಲೆ ಕೂತಿದಾಳೆ. ತೊಡೆ ಮೇಲೆ ಕರ್ಬೂಜ ಬೇರೆ."

"ನಮ್ಮನೆ ಹುಡುಗಿ ಇಲ್ಲೇ ಇದಾಳಲ್ಲ ತೀತಾ."

"ಅವಳಲ್ಲ ಕಣೇ. ಬೆನ್ನ ಮೇಲೆ ಮನೆ ಹೊತ್ಕೊಂಡು ಊರೂರು ತಿರುಗ್ತಾಳಲ್ಲ, ಆ ಉದ್ದ ಕಾಲಿನವಳು."

ಎದುರುಮನೆಯ ರೆಮೆಗೆ ಎಪ್ಪತ್ತು ದಾಟಿದೆ. ಬೀದಿಯಲ್ಲಿ ಮಕ್ಕಳು ಮರಿಗಳಿಗೆಲ್ಲ ಅವಳು ತೀತಾ, ಅಂದರೆ ಚಿಕ್ಕಮ್ಮ. ಉದ್ದ ಕಾಲಿನವಳು ನೇಝಾ. ಸ್ಲೊವೇನಿಯಾದ ಕಡೆಯವಳು. ಪೋರ್ಚುಗಲ್ ಸುತ್ತಿಕೊಂಡು ಎರಡು ದಿನದ ಹಿಂದೆ ಸ್ಪೇನಿನ ಈ ಕಾದಿಸ್‌ಗೆ ಬಂದು, ಇನ್ಮಾ ಬಾಡಿಗೆಗೆ ಕೊಡುವ ಹಿಂದಿನ ಕೋಣೆಯಲ್ಲಿ ಇಳಿದಿದ್ದಳು. ದುಪ್ಪಟಿಯನ್ನು ಹೇಗಿತ್ತೋ ಹಾಗೇ ಹಗ್ಗದ ಮೇಲೆ ಎಸೆದು ಇನ್ಮಾ ಕೆಳಗಿಳಿದಳು. ಹಿಂದೆಯೇ ಪಾಲ್ಮಾ.

ನೇಝಾ ಎದ್ದು ನಿಂತಳು. ಸ್ಪ್ಯಾನಿಷ್ ಅನ್ನು ಪುಸ್ತಕ ನೋಡಿ ಕಲಿತವಳು. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಮೇಲೆ ತರುತ್ತಿದ್ದಳು.

"ನಿನ್ನೆ ಮಧ್ಯಾಹ್ನ ಇವರು ನನಗೆ ಬ್ರೆಡ್ ಅಂಗಡಿ ತೋರಿಸಿದಳು. 'ಆಮೇಲೆ ಸಿಗೋಣ ಮಗಳೇ' ಅಂದಳು. ನಾನು ಆರು ಗಂಟೆ ಬಂದಳು. ಬಾಗಿಲು ಹಾಕಿದೆ. ಒಂದು ಗಂಟೆ ಕೂತಳು. ಇವತ್ತು ಬಂದಳು." ಅವಳು ಕಣ್ಣು ಮುಚ್ಚಿ ಮುಂದಿನ ಮಾತನ್ನು ಹುಡುಕಿದಳು. "ಆಮೇಲೆ ಅಂದ್ರೆ ಯಾವಾಗ?"

ರೆಮೆ ನಕ್ಕಿದ್ದೇ ನಕ್ಕಿದ್ದು. ಗೋಡೆಗೆ ಕೈಕೊಟ್ಟು ನಕ್ಕಳು. "ಅಯ್ಯೋ ನನ್ನ ಕಂದಾ, ಅದು ಬರೀ ಬಾಯಿಮಾತು ಕಣೇ. ಪೋಸ್ಟಿನವನಿಗೂ ಹಾಗೇ ಅಂತೀನಿ. ಹಲ್ಲು ಕಿತ್ತ ಡಾಕ್ಟರಿಗೂ ಅಂದೆ. ಆ ಪುಣ್ಯಾತ್ಮನ್ನ ಮತ್ತೆ ನೋಡೋಕೆ ನನಗೇನು ಹುಚ್ಚಾ?"

"ಹಾಗಾದ್ರೆ ಸುಳ್ಳಾ?"

ರೆಮೆಯ ನಗು ಅಲ್ಲೇ ನಿಂತಿತು. ನೇಝಾ ಕೋಪದಿಂದ ಕೇಳಿರಲಿಲ್ಲ, ತಿಳಿಯಬೇಕೆಂದು ಕೇಳಿದ್ದಳು.

"ಮೂವತ್ತು ದಿನದಿಂದ ನಾನು ಒಬ್ಬಳೇ," ಅಂದಳು ನೇಝಾ. "ಎಲ್ಲರೂ ಹೆಸರು ಕೇಳ್ತಾರೆ, ಊರು ಕೇಳ್ತಾರೆ. ಶುಭ ಪ್ರಯಾಣ ಅಂತಾರೆ. ಸಿಗೋಣ ಅಂತ ನೀವು ಒಬ್ಬರೇ ಹೇಳಿದಳು."

"ಸುಳ್ಳಲ್ಲ ಕಣೇ," ಅಂದಳು ರೆಮೆ, ಈಗ ಮೆಲ್ಲಗೆ. "ಪೂರ್ತಿ ನಿಜಾನೂ ಅಲ್ಲ. ಬಾ ಒಳಗೆ. ಇದೇ ಆ 'ಆಮೇಲೆ' ಅಂದ್ಕೋ."

ನಾಲ್ವರೂ ರೆಮೆಯ ಅಡುಗೆಮನೆಯಲ್ಲಿ ಕೂತು ಕರ್ಬೂಜ ಕೊಯ್ದು ತಿಂದರು. ತಿನ್ನುತ್ತಿರುವಾಗಲೇ ಪಾಲ್ಮಾ ಅಮ್ಮನ ತೋಳು ಜಗ್ಗಿದಳು. ಇನ್ಮಾ ಕಿವಿ ಕೊಟ್ಟಳು.

"ನಿನ್ನ ಆ ಬೆನ್ನಿನ ಬ್ಯಾಗಿನಲ್ಲಿ ದಿಂಬು ಇದೆಯಾ ಅಂತ ಕೇಳ್ತಿದಾಳೆ," ಎಂದು ಇನ್ಮಾ ನೇಝಾಳಿಗೆ ಹೇಳಿದಳು.

ವರ್ಷದಿಂದ ಹೀಗೇ ನಡೆದಿತ್ತು. ಪಾಲ್ಮಾಳಿಗೆ ಮಾತಿನ ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತರಗತಿಯಲ್ಲಿ ಒಂದು ದಿನ ಯಾರೋ ನಕ್ಕರು. ಅವತ್ತಿನಿಂದ ಅವಳು ಯಾರನ್ನೂ ಏನನ್ನೂ ಕೇಳುವುದು ಬಿಟ್ಟಳು. ಕೇಳಬೇಕಾದದ್ದನ್ನೆಲ್ಲ ಅಮ್ಮನ ಕಿವಿಗೆ ಹಾಕುತ್ತಿದ್ದಳು. ಅಮ್ಮ ಅಂಚೆಯವಳ ಹಾಗೆ ತಲುಪಿಸುತ್ತಿದ್ದಳು. ಅವಳ ಮಾತನ್ನು ನೀವು ಆಡಬೇಡಿ, ಕಾಯಿರಿ, ಎಂದು ಆರೋಗ್ಯ ಕೇಂದ್ರದಲ್ಲಿ ಹೇಳಿ ಕಳಿಸಿದ್ದರು. ಹೇಳುವುದು ಸುಲಭ. ಮಗುವಿನ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬುವುದನ್ನು ನೋಡುತ್ತ ಕೈಕಟ್ಟಿ ಕಾಯುವ ತಾಯಿ ಎಲ್ಲಿದ್ದಾಳೆ? ಇನ್ಮಾ ಪ್ರತಿ ಸಲವೂ ಬಾಗುತ್ತಿದ್ದಳು. ಆದರೆ ಇನ್ನು ಹತ್ತು ದಿನಕ್ಕೆ ಶಾಲೆ ಶುರು. ಹೊಸ ತರಗತಿ, ಹೊಸ ಟೀಚರ್. ಆ ಬೆಂಚಿನ ಮೇಲೆ ಅಮ್ಮನ ಕಿವಿ ಇರುವುದಿಲ್ಲ. ಪಾತ್ರೆ ಉಜ್ಜುವಾಗ, ನೆಲ ಒರೆಸುವಾಗ, ಇನ್ಮಾಳ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು.

ಮೂರು ದಿನಕ್ಕೆಂದು ಬಂದ ನೇಝಾ ವಾರ ಕಳೆದರೂ ಹೊರಡಲಿಲ್ಲ. ದಿನಾ ಸಂಜೆ ರೆಮೆ ಅವಳನ್ನೂ ಇನ್ಮಾ, ಪಾಲ್ಮಾರನ್ನೂ ಕಲೇತಾ ಕಡಲತೀರಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಅವರ ಬೀದಿಯ ಹೆಂಗಸರು ಮಡಿಸುವ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಬಿಂಗೋ ಆಡುತ್ತಾರೆ. ಸಂಖ್ಯೆ ಕೂಗುವವಳು ರೆಮೆ. ಆದರೆ ಸಂಖ್ಯೆಯನ್ನು ನೇರವಾಗಿ ಹೇಳುವುದಿಲ್ಲ, ಅದರ ಅಡ್ಡಹೆಸರು ಕೂಗುತ್ತಾಳೆ.

"ಎರಡು ಬಾತುಮರಿ," ಎಂದು ಕೂಗಿದಳು ರೆಮೆ.

ನೇಝಾ ತನ್ನ ಚೀಟಿಯನ್ನು ತಿರುಗಿಸಿ ನೋಡಿದಳು. ಆಮೇಲೆ ತಲೆಯೆತ್ತಿ ನೀರಿನ ಕಡೆ ನೋಡಿದಳು.

"ಸಮುದ್ರದಲ್ಲಿ ಏನು ಹುಡುಕ್ತೀಯೇ? ಚೀಟಿ ನೋಡು, ಚೀಟಿ," ಎಂದು ಹೆಂಗಸರೆಲ್ಲ ನಕ್ಕರು. ನೇಝಾ ಅವರಿಗಿಂತ ಜೋರಾಗಿ ನಕ್ಕಳು. ಪಾಲ್ಮಾ ಅದನ್ನು ನೋಡಿದಳು. ಎಲ್ಲರೂ ತನ್ನನ್ನು ನೋಡಿ ನಗುವಾಗ ಜೊತೆಗೆ ನಗಬಹುದು ಅನ್ನುವುದು ಅವಳಿಗೆ ಹೊಸದಾಗಿತ್ತೋ ಏನೋ, ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯಿಂದ ಇಳಿದು ನೇಝಾಳ ಕಾಲ ಬಳಿ ಕೂತು, ಮರಳಿನಲ್ಲಿ ಬೆರಳಿನಿಂದ ಎರಡರ ಅಂಕಿ ಬರೆದಳು, ಅದರ ಪಕ್ಕ ಇನ್ನೊಂದು ಎರಡು. ಎರಡಕ್ಕೂ ಕೊಕ್ಕು, ಕಣ್ಣು ಇಟ್ಟಳು.

"ಇಪ್ಪತ್ತೆರಡು," ಅಂದಳು ನೇಝಾ, ದೊಡ್ಡ ಗುಟ್ಟು ಒಡೆದವಳ ಹಾಗೆ. ಪಾಲ್ಮಾ ಚೀಟಿಯ ಆ ಮನೆಯ ಮೇಲೆ ಒಂದು ಕಡಲೆಕಾಳು ಇಟ್ಟಳು.

ಅಂದಿನಿಂದ ಇಬ್ಬರೂ ಜೋಡಿ. ನೇಝಾ ಮಾತಿನ ನಡುವೆ ನಿಂತು ಕಣ್ಣು ಮುಚ್ಚಿದರೆ ಉಳಿದವರೆಲ್ಲ ಅವಳ ಬಾಯಿಗೆ ನಾಲ್ಕು ಮಾತು ತುರುಕುತ್ತಿದ್ದರು. ಪಾಲ್ಮಾ ಮಾತ್ರ ಸುಮ್ಮನೆ ಕಾಯುತ್ತಿದ್ದಳು. ಕಾಯುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಐದನೆಯ ಸಂಜೆ ಅವಳು ಎಂದಿನಂತೆ ಎದ್ದು ಬಂದಾಗ ಇನ್ಮಾ ಕಿವಿ ಬಾಗಿಸಿದಳು. ಮಗಳು ಅವಳನ್ನು ದಾಟಿ ಹೋಗಿ ನೇಝಾಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಇನ್ಮಾಳಿಗೆ ಎದೆ ತುಂಬಿ ಬಂತು. ಜೊತೆಗೇ ಒಂದು ಸಣ್ಣ ಮುಳ್ಳೂ ಚುಚ್ಚಿತು.

"ಏನಂದಳು?" ಮನೆಗೆ ಹೋಗುವಾಗ ಇನ್ಮಾ ತಡೆಯಲಾರದೆ ಕೇಳಿದಳು.

"ಅದು ನಮ್ಮಿಬ್ಬರದು," ಅಂದಳು ನೇಝಾ. ಈ ಮಾತನ್ನು ಮಾತ್ರ ಒಂದೂ ತಪ್ಪಿಲ್ಲದೆ ಹೇಳಿದಳು.

ಒಂಬತ್ತನೆಯ ಬೆಳಿಗ್ಗೆ ನೇಝಾ ಬ್ಯಾಗು ಕಟ್ಟಿದಳು. ಹಿಂದಿನ ಕೋಣೆಯ ಹಾಸಿಗೆಯ ಬಟ್ಟೆಗಳನ್ನು ಕಿತ್ತು ಎರಡೂ ತೋಳಲ್ಲಿ ತಬ್ಬಿಕೊಂಡೇ ಇನ್ಮಾ ಬಾಗಿಲಿಗೆ ಬಂದಳು. ರೆಮೆ ಎಣ್ಣೆ ಜಿಡ್ಡಿನ ಕಾಗದದ ಪೊಟ್ಟಣವೊಂದನ್ನು ನೇಝಾಳ ಕೈಗೆ ತುರುಕಿದಳು. "ಸೀಗಡಿ ವಡೆ. ಬಿಸಿ ಇದ್ದಾಗಲೇ ತಿನ್ನು. ಆ ಬ್ಯಾಗಿನೊಳಗೆ ಹಾಕಿದೆಯೋ, ನಿನ್ನ ಅಂಗಿಯೆಲ್ಲ ನನ್ನ ಬಾಣಲೆ ಹಾಗೆ ನಾರುತ್ತೆ."

ನೇಝಾ ಈಗ ಆ ಬೀದಿಯ ಮನೆಮಗಳೇ ಆಗಿಬಿಟ್ಟಿದ್ದಳು. ಸೈಕಲ್ ಮೇಲೆ ಹೋಗುತ್ತಿದ್ದ ಬ್ರೆಡ್ಡಿನವನಿಗೆ ಕೈಯೆತ್ತಿ, "ಆಮೇಲೆ ಸಿಗೋಣ" ಅಂದಳು. ಮೇಲಿನ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕನಿಗೂ ಅಂದಳು. ರೆಮೆಯ ಎರಡೂ ಕೆನ್ನೆಗೆ ಮುತ್ತಿಟ್ಟು, ಇನ್ಮಾಳಿಗೂ ಇಟ್ಟು, ಕೊನೆಗೆ ಪಾಲ್ಮಾಳ ತಲೆ ಸವರಿದಳು.

"ಆಮೇಲೆ ಸಿಗೋಣ, ಪಾಲ್ಮಾ."

ಅದೇ ನಾಲಿಗೆ, ಅದೇ ಸಲೀಸು. ಬೀದಿಯವರೆಲ್ಲ ಹೇಳುವ ಹಾಗೇ. ಬ್ಯಾಗು ಏರಿಸಿಕೊಂಡು ನಾಲ್ಕು ಹೆಜ್ಜೆ ಹೋಗಿಯೂ ಬಿಟ್ಟಳು.

ಪಾಲ್ಮಾ ಅಮ್ಮನ ತೋಳು ಜಗ್ಗಿದಳು.

ಇನ್ಮಾಳ ಬೆನ್ನು ತಾನಾಗಿಯೇ ಬಾಗಿತು. ತೋಳ ತುಂಬ ಬಟ್ಟೆ. ಅದರ ಮೇಲೆ ಗಲ್ಲ ಊರಿತು. ಕೆಳಗೆ ಇಡಬಹುದಿತ್ತು, ಮೆಟ್ಟಿಲು ಪಕ್ಕದಲ್ಲೇ ಇತ್ತು. ಮಗಳ ಮುಖ ನೋಡಿದಳು. ಮರಳಿನಲ್ಲಿ ಬರೆದ ಬಾತುಮರಿ ನೆನಪಾಯಿತು, ತನ್ನನ್ನು ದಾಟಿ ಹೋದ ಆ ಸಂಜೆಯೂ. ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ನೆಟ್ಟಗೆ ನಿಂತಳು.

"ಅಮ್ಮನ ಕೈಯಲ್ಲಿ ಆಗಲ್ಲ ಪುಟ್ಟಿ," ಅಂದಳು. "ನೀನೇ."

ಪಾಲ್ಮಾ ಬೀದಿಗೆ ಇಳಿದಳು. "ಆ..." ಅಂದಳು. ಅಷ್ಟಕ್ಕೇ ಸಿಕ್ಕಿಕೊಂಡಿತು. "ಆ... ಆ..."

ನೇಝಾ ತಿರುಗಿದಳು. ಬೆನ್ನ ಮೇಲಿನ ಭಾರದ ಸಮೇತ ನಿಂತಳು. ಏನೂ ಕೇಳಲಿಲ್ಲ, ಹತ್ತಿರವೂ ಬರಲಿಲ್ಲ. ಮಗುವಿನ ಕುತ್ತಿಗೆ ಕೆಂಪಾಯಿತು. ರೆಮೆ ಬಾಯಿ ತೆರೆದಳು. ಇನ್ಮಾ ಮೊಣಕೈಯಿಂದ ತಿವಿದಳು, ರೆಮೆ ಬಾಯಿ ಮುಚ್ಚಿದಳು. ಎಲ್ಲೋ ಮೇಲೆ ಗಿಡದ ಕುಂಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿಗೆ ಹೊತ್ತಾಗುತ್ತಿತ್ತು. ನೇಝಾ ಕಾಯುತ್ತಿದ್ದಳು, ಪಾಲ್ಮಾ ಅವಳಿಗಾಗಿ ಕಾಯುತ್ತಿದ್ದ ಹಾಗೆಯೇ.

ಪಾಲ್ಮಾ ಕಣ್ಣು ಮುಚ್ಚಿದಳು. ನೇಝಾ ಮುಚ್ಚುತ್ತಿದ್ದ ಹಾಗೆ. ಮತ್ತೆ ತೆರೆದಳು.

"ಆಮೇಲೆ ಅಂದ್ರೆ ಯಾವಾಗ?"