ಘಾಟು ಹಿಡಿದ ಕೋಟು

“ಕತ್ತೆಗೆ ಜೀನು ಹಾಕಿದಂಗ ಐತಲ್ಲೋ ಫಕ್ಕೀರೇಶ!”

ಇಪ್ಪತ್ತು ಹುಡುಗ-ಹುಡುಗಿಯರ ಮುಂದೆ ಮುನವಳ್ಳಿ ಸರ್ ಹೀಗಂದರು. ಕತ್ತೆ ಅಂದದ್ದು ಫಕ್ಕೀರೇಶನಿಗೆ. ಜೀನು ಅಂದದ್ದು ನನಗೆ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನಾನು ಒಂದು ಕೋಟು. ಕಡುನೀಲಿ ಬಣ್ಣ. ರಾಣೆಬೆನ್ನೂರಿನ ಟೇಲರ್ ಅಂಗಡಿಯಲ್ಲಿ ಹುಟ್ಟಿದೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗನ ಆರತಕ್ಷತೆಗೆಂದು. ಒಂದೇ ಒಂದು ಸಂಜೆ ಅವನ ಮೈಮೇಲಿದ್ದೆ. ವರ್ಷ ತುಂಬುವುದರೊಳಗೆ ಅವನ ಹೊಟ್ಟೆ ಬೆಳೆಯಿತು, ನನ್ನ ಗುಂಡಿ ಕೂಡಲಿಲ್ಲ. ದಲಾಲರು ನನ್ನನ್ನು ತಮ್ಮ ಅಂಗಡಿಯ ಹಮಾಲಿ ಗುಡ್ಡಪ್ಪನ ಕಡೆ ಎಸೆದರು. “ನಿನ್ನ ಮಗಾ ಡಿಗ್ರಿ ಮುಗಿಸ್ಯಾನಂತಲ್ಲ, ಹಾಕ್ಕೊಳ್ಳಲಿ ತಗೋ.”

ಗುಡ್ಡಪ್ಪ ನನ್ನನ್ನು ಚೀಲ ಹೊರುವ ಹೆಗಲ ಮೇಲೆಯೇ ಹಾಕಿಕೊಂಡು ಹೋದ. ಆ ಹೆಗಲ ತುಂಬ ಕೆಂಪು ಪುಡಿ. ಮನೆ ಮುಟ್ಟುವಷ್ಟರಲ್ಲಿ ಘಾಟು ನನ್ನ ಒಳಗಿನ ಅಸ್ತರಿಗೂ ಇಳಿದಿತ್ತು. ಕೋಟಿಗೆ ನೀರು ತೋರಿಸಬಾರದು ಅಂತ ಯಾರೋ ಅವನಿಗೆ ಹೇಳಿದ್ದರಂತೆ. ಅದಕ್ಕೇ ತೊಳೆಯಲಿಲ್ಲ. ದಿನಾ ಬಿಸಿಲಿಗೆ ಹಾಕಿ ಕೈಯಿಂದ ಝಾಡಿಸಿದ. ಯಾವ ಕೈ? ಅದೇ ಮೆಣಸಿನಕಾಯಿ ಕೈ!

ಅವನ ಮಗ ಫಕ್ಕೀರೇಶ ಎಂಬಿಎ ಸಂದರ್ಶನದಲ್ಲಿ ಆಗಲೇ ಎರಡು ಕಡೆ ಬಿದ್ದಿದ್ದ. ಹುಬ್ಬಳ್ಳಿಯ ಒಂದು ಕಾಲೇಜು ಉಳಿದಿತ್ತು. ಅದೂ ತಪ್ಪಿದರೆ ಮುಂದಿನ ಸುಗ್ಗಿಗೆ ಅವನೇ ಚೀಲಕ್ಕೆ ಬೆನ್ನು ಕೊಡಬೇಕು. ಗುಡ್ಡಪ್ಪನ ಸೊಂಟ ಮುಗಿದುಹೋಗಿತ್ತು.

ಮುನವಳ್ಳಿ ಸರ್ ಸಂದರ್ಶನದ ತರಬೇತಿ ಕೊಡುವವರು. ಹೇಗೆ ಕೂರಬೇಕು, ಎಲ್ಲಿ ನಗಬೇಕು, ಎಲ್ಲ ಕಲಿಸಿದರು.

“ಅಪ್ಪ ಏನ್ ಮಾಡ್ತಾನ ಅಂದ್ರ ಏನಂತಿ?”

“ಹಮಾಲಿ, ಸರ್.”

“ಥೂ! ಲಾಜಿಸ್ಟಿಕ್ಸ್ ಅನ್ನು. ಸಾಮಾನು ಒಂದ್ ಕಡಿಂದ ಇನ್ನೊಂದ್ ಕಡೆ ಸಾಗಿಸೂದು. ಸುಳ್ಳೇನಲ್ಲ.”

ಮನೆಯಲ್ಲಿ ಕನ್ನಡಿ ಮುಂದೆ ನಿಂತು ಫಕ್ಕೀರೇಶ ಆ ಶಬ್ದವನ್ನು ನೂರು ಸಲ ಅಂದ. ಗುಡ್ಡಪ್ಪ ಕೇಳಿದ, “ಅದೇನಪಾ ಅದು?”

“ನಿನ್ನ ಕೆಲಸನೇ, ಅಪ್ಪಾ.”

“ನನ್ನ ಕೆಲಸಕ್ಕೂ ಇಂಗ್ಲಿಷಿನ್ಯಾಗ ಹೆಸರೈತೇನು!” ಅವತ್ತು ಆ ಮನುಷ್ಯ ಒಬ್ಬನೇ ನಗುತ್ತ ಕೂತಿದ್ದ.

ಸಂದರ್ಶನದ ದಿನ ಅಪ್ಪನೂ ಬಂದ. ಅವನನ್ನು ಬಾಗಿಲ ಹೊರಗೆ ಬಿಟ್ಟು ನಾವಿಬ್ಬರು ಒಳಗೆ ಹೋದೆವು. ಮೇಜಿನಾಚೆ ಇಬ್ಬರು ಗಂಡಸರು, ಒಬ್ಬ ಹೆಂಗಸು.

“ತಂದೆ ಲಾಜಿಸ್ಟಿಕ್ಸ್‌ನಲ್ಲಿದ್ದಾರೆ, ಗುಡ್. ಎಷ್ಟು ಲಾರಿ ಇವೆ?” ನಡುವೆ ಕೂತವರು ಕೇಳಿದರು.

“ಲಾರಿ ಇಲ್ಲ ಸರ್.”

“ಗೋಡೌನ್?”

“ಇಲ್ಲ ಸರ್.”

“ಮತ್ತೆ ಲಾಜಿಸ್ಟಿಕ್ಸ್ ಯಾವುದರ ಮೇಲೆ ನಡೆಯುತ್ತೆ?”

ಬೆನ್ನ ಮೇಲೆ ಕಣ್ರೀ, ಬೆನ್ನ ಮೇಲೆ! ಕೂಗೋಣ ಅಂದರೆ ಕೋಟಿಗೆ ಬಾಯಿಲ್ಲ. ಬಾಯಿದ್ದವನು ನನ್ನ ಗುಂಡಿ ತಿರುವುತ್ತ ಕೂತ. ಅವನ ಬೆವರು ನನ್ನ ಅಸ್ತರು ತೋಯಿಸಿತು. ಬೆನ್ನ ಹಿಂದಿನ ಎಸಿ ಗಾಳಿ ನನ್ನ ಘಾಟನ್ನು ನೇರ ಮೇಜಿನಾಚೆ ಒಯ್ದಿತು. ಮೊದಲು ಆ ಹೆಂಗಸು ಸೀನಿದರು. ಆಮೇಲೆ ಒಬ್ಬರು, ಆಮೇಲೆ ಇನ್ನೊಬ್ಬರು.

“ಏನಿದು, ಮೆಣಸಿನಕಾಯಿನಾ?” ಆ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

“ಅಪ್ಪ... ಬ್ಯಾಡಗಿ ಮಾರ್ಕೆಟ್ ಯಾರ್ಡಿನಾಗ ಹಮಾಲಿ, ಮೇಡಂ.”

“ನಿಮ್ಮ ಕೋಟೇ ವಾಸಿ ಕಣ್ರೀ. ನಿಮಗಿಂತ ಮೊದಲು ನಿಜ ಹೇಳ್ತು,” ಅಂದರು ನಡುವೆ ಕೂತವರು. ಮೂವರೂ ನಕ್ಕರು. ಸೀನುತ್ತ ನಕ್ಕರು.

ಸೀಟು ಸಿಗಲಿಲ್ಲ. ಈಗ ಫಕ್ಕೀರೇಶ ಯಾರ್ಡಿನಲ್ಲಿ ಚೀಲ ಹೊರುತ್ತಾನೆ, ಬೆನ್ನಿಗೆ ನಾನು ಮೆತ್ತೆ. ನನ್ನ ತೋಳೆರಡೂ ಕಿತ್ತುಹೋಗಿವೆ. ಎಲ್ಲೋ ಒಂದು ಕಡೆ ಸವೆಯಲೇಬೇಕು, ಸವೆಯುತ್ತೇನೆ, ಅದಕ್ಕೆ ನನಗೆ ಸಿಟ್ಟಿಲ್ಲ. ನಕ್ಕವರ ಮೇಲೂ ಈಗ ಅಷ್ಟಿಲ್ಲ. ನನ್ನ ಸಿಟ್ಟೆಲ್ಲ ಆ ಬಾಗಿಲ ಹೊರಗೆ ಆದದ್ದಕ್ಕೆ.

ಅವತ್ತು ನಾವು ಹೊರಗೆ ಬಂದಾಗ ಸರದಿ ಕಾಯುವವರು ಸಾಲಾಗಿ ಕೂತಿದ್ದರು, ಎಲ್ಲರೂ ಹೊಸ ಕೋಟಿನವರು. ಅವರ ನಡುವೆ ಗುಡ್ಡಪ್ಪ, ತಲೆಗೆ ಟವೆಲ್ ಸುತ್ತಿಕೊಂಡು, ನಿಂತೇ ಇದ್ದ.

“ಇವರು ನಿಮ್ಮವರಾ?” ಒಬ್ಬ ಹುಡುಗ ಫಕ್ಕೀರೇಶನನ್ನು ಕೇಳಿದ.

ಗುಡ್ಡಪ್ಪ ಮುಂದೆ ಬಂದ. ಮುಖ ಅರಳಿತ್ತು. “ಫಕ್ಕೀರಾ, ಏನ್ ಕೇಳಿದ್ರಪಾ? ನನ್ನ ಬಗ್ಗೆ ಏನರ ಕೇಳಿದ್ರೇನು?”

ಫಕ್ಕೀರೇಶ ಆ ಹುಡುಗನನ್ನು ನೋಡಿದ. ಅಪ್ಪನನ್ನು ನೋಡಲಿಲ್ಲ. ಇಬ್ಬರನ್ನೂ ದಾಟಿ ಮೆಟ್ಟಿಲಿಳಿದು ನಡೆದುಬಿಟ್ಟ.