ಹದವಾದ ಉಸಿರು

“ಊದೇ ಮೂದೇವಿ, ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ?”

ಮೇಸ್ತ್ರಿ ಬೈದದ್ದು ಸೊಸೆಗೆ, ನಾಟಿದ್ದು ಅತ್ತೆಗೆ. ಸೊಸೆ ತಲೆ ತಗ್ಗಿಸಿ, ಅಂಗೈಯಲ್ಲಿದ್ದ ಕಲ್ಲನ್ನು ತುಟಿಯ ಹತ್ತಿರ ತಂದು ಮೆಲ್ಲಗೆ ಊದಿದಳು. ಹಳದಿ ಧೂಳು ಎದ್ದು, ಬಲ್ಬಿನ ಬೆಳಕಿನಲ್ಲಿ ಒಂದು ಗಳಿಗೆ ನಿಂತು, ಅವಳ ಮುಖದ ಮೇಲೆಯೇ ಇಳಿಯಿತು. ಬಸುರಿಗೆ ಐದು ತಿಂಗಳು ತುಂಬಿತ್ತು.

ಯಜಮಾನರ ಮನೆಯ ಹಿಂದಿನ ಶೆಡ್ಡಿನಲ್ಲಿ ಕಲ್ಲು ತೊಳೆಯುವುದು ಹೆಂಗಸರ ಕೆಲಸ. ಹಳೆಯ ಗಣಿಗಳಿಂದ ಬಂದ ಕಲ್ಲುಗಳ ಮಣ್ಣು ಬಿಡಿಸಿ ಕೊಟ್ಟರೆ, ಶೋಕಿಗೆ ಕಲ್ಲು ಕೂಡಿಡುವವರು ಅವನ್ನು ಒಡವೆಯಂತೆ ಕೊಂಡೊಯ್ಯುತ್ತಾರೆ. ಬೇರೆ ಕಲ್ಲುಗಳನ್ನೆಲ್ಲ ಬೋಗುಣಿಯ ನೀರಿನಲ್ಲಿ ಅದ್ದಿ ಉಜ್ಜುವುದು ರೂಢಿ. ಈ ಸಲ ಬಂದದ್ದು ಮಾತ್ರ ಬೇರೆ ಜಾತಿ. ಯುರೇನಿಯಂ ಇರುವಂಥದ್ದು, ಅಪರೂಪದ್ದು. ಮೀನಿನ ಹುರುಪೆಯಂತೆ ತೆಳ್ಳಗಿನ ಹಳದಿ ಹರಳುಗಳು. ನೇರಳೆ ದೀಪ ಹಿಡಿದರೆ ಮಿಂಚುಹುಳದಂತೆ ಹಸಿರಾಗಿ ಹೊಳೆಯುತ್ತಿದ್ದವು. ಉಗುರು ತಾಗಿದರೆ ಉದುರುತ್ತವೆ, ನೀರು ತಾಗಿದರೆ ಕರಗುತ್ತವೆ. ಅದಕ್ಕೇ ಒಣ ಬ್ರಷ್ಷು, ಅದಕ್ಕೇ ಬಾಯುಸಿರು. ಗಾಳಿಗೆ ಹರಳು ಹಾರಿಹೋದೀತೆಂದು ಕಿಟಕಿಗಳಿಗೆಲ್ಲ ಅಗುಳಿ.

ಮೊದಲ ದಿನ ಮೇಸ್ತ್ರಿ ಎಲ್ಲರ ಕೈಲೂ ಊದಿಸಿ ನೋಡಿದ್ದ. ಅತ್ತೆಯದು ಕುಲುಮೆಯ ತಿದಿ. ಹರಳುಗಳೇ ಕಿತ್ತು ಹಾರಿದವು. ಸೊಸೆಯದು ಹದವಾದ ಉಸಿರು, ಧೂಳಷ್ಟೇ ಎದ್ದಿತು. ಇವಳ ಉಸಿರಿಗೆ ಬೆಲೆ ಇದೆ ಎಂದು ಯಜಮಾನರೇ ಹೊಗಳಿದರು. ಆಗ ಅತ್ತೆಗೂ ಹೆಮ್ಮೆಯಾಗಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆ ಹೆಮ್ಮೆ ಇಳಿದದ್ದು ಟ್ರೇ ಹೊತ್ತು ಯಜಮಾನರ ಕೋಣೆಗೆ ಹೋದ ದಿನ. ಅಲ್ಲಿ ಕಲ್ಲು ಗಾಜಿನ ಡಬ್ಬಿಯೊಳಗೆ ಕೂತಿತ್ತು, ಗೋಡೆಯ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತಿತ್ತು. ಯಜಮಾನರು ಗ್ಲೌಸು ತೊಟ್ಟು ಗಿರಾಕಿಗೆ ಬುದ್ಧಿ ಹೇಳುತ್ತಿದ್ದರು. ಮಲಗುವ ಕೋಣೆಯಲ್ಲಿ ಇಡಬೇಡಿ, ಕಲ್ಲಿನಿಂದ ಕಣ್ಣಿಗೆ ಕಾಣದ ಗಾಳಿಯೂ ಹೊರಡುತ್ತದೆ. ಮುಚ್ಚಳ ತೆಗೆಯುವುದಾದರೆ ಬಯಲಲ್ಲಿ ತೆಗೆಯಿರಿ. ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ದೂರದಿಂದ ನೋಡಿದರೆ ಅಷ್ಟೇನೂ ಭಯವಿಲ್ಲ. ಧೂಳು ಮಾತ್ರ ಎದೆಯೊಳಗೆ ಹೋಗಬಾರದು, ಹೋದದ್ದು ಅಲ್ಲೇ ಕೂತು ಸುಡುತ್ತಿರುತ್ತದೆ. ಬಸುರಿಯರನ್ನಂತೂ ಹತ್ತಿರ ಸೇರಿಸಲೇಬೇಡಿ. ಗಿರಾಕಿ ಹೂಂಗುಟ್ಟುತ್ತಿದ್ದ. ಬಾಗಿಲಲ್ಲಿ ಟ್ರೇ ಹಿಡಿದು ನಿಂತವಳು ಇಬ್ಬರ ಕಣ್ಣಿಗೂ ಬೀಳಲಿಲ್ಲ. ಬಾಗಿಲುವಾಡಕ್ಕೆ ಕಿವಿ ಇದೆಯೆಂದು ಯಾರಾದರೂ ತಿಳಿಯುತ್ತಾರೆಯೇ?

ಅಂದಿನಿಂದ ಕೇಳಿದ್ದೇ ಕೇಳಿದ್ದು. ಗ್ಲೌಸು ಕೇಳಿದರೆ ಬೆರಳಿನ ಸೂಕ್ಷ್ಮ ಹೋಗುತ್ತದೆ ಎಂದರು. ಮಾಸ್ಕು ಕೇಳಿದರೆ, ಮಾಸ್ಕು ಕಟ್ಟಿಕೊಂಡು ಮೂಗಿನಲ್ಲಿ ಊದುತ್ತೀಯಾ ಎಂದು ಮೇಸ್ತ್ರಿ ನಕ್ಕ. ಉಳಿದ ಹೆಂಗಸರೂ ನಕ್ಕರು. ಬೈಗುಳಕ್ಕಿಂತ ಆ ನಗುವೇ ಹೆಚ್ಚು ನೋಯಿಸಿತು. ಹೋಗಲಿ, ಹುಡುಗಿಯನ್ನು ನೀರಿನ ಬೆಂಚಿಗೆ ಹಾಕಿ, ಅವಳ ಜಾಗದಲ್ಲಿ ನಾನು ಕೂರುತ್ತೇನೆ ಎಂದು ಕಾಲಿಗೆ ಬಿದ್ದಳು. ಉಸಿರು ಹದ ಮಾಡಿಕೊಂಡು ಬಾ, ಆಮೇಲೆ ನೋಡೋಣ ಎಂದು ಮೇಸ್ತ್ರಿ ಅವಳ ರಟ್ಟೆ ಹಿಡಿದು ಎಬ್ಬಿಸಿ ತಳ್ಳಿದ. ಅವಳು ಮನೆಯಲ್ಲಿ ಒಲೆಯ ಬೂದಿಯನ್ನು ತಟ್ಟೆಗೆ ಹಾಕಿಕೊಂಡು, ಮಗುವನ್ನು ಮಲಗಿಸುವವಳಂತೆ ಊದಲು ಕಲಿಯಹೋದದ್ದೂ ಉಂಟು. ಬರಲಿಲ್ಲ. ಬೂದಿಯೆಲ್ಲ ಕಣ್ಣಿಗೇ ಬಂತು.

“ಬಿಡಿ ಅತ್ತೆ, ಮಾತಾಡಿ ಮಾತಾಡಿ ಇರೋ ಕೆಲ್ಸಾನೂ ಕಳ್ಕೊಂಡ್ರೆ ಏನ್ ತಿನ್ನೋದು” ಎಂದಿದ್ದಳು ಸೊಸೆ.

ಇವತ್ತು ದೊಡ್ಡ ಗಿರಾಕಿ ಬರುವವನಿದ್ದ. ಯಜಮಾನರೇ ಮಾಸ್ಕು ಕಟ್ಟಿಕೊಂಡು ಶೆಡ್ಡಿಗೆ ಬಂದು, ಬಾಗಿಲು ದಾಟದೆ ನಿಂತರು. ಸೊಸೆಯ ಕೈಯಲ್ಲಿ ಮುಷ್ಟಿ ಗಾತ್ರದ ಕಲ್ಲು, ಬಂದದ್ದರಲ್ಲೆಲ್ಲ ದೊಡ್ಡದು. ಊದಲೆಂದು ಉಸಿರೆಳೆದವಳಿಗೆ ಕೆಮ್ಮು ಒತ್ತರಿಸಿತು. ಹರಳೊಂದು ಕಿತ್ತು ನೆಲಕ್ಕೆ ಬಿತ್ತು.

“ಥೂ, ದರಿದ್ರ ಮುಂಡೇದು. ನಿನ್ನ ಹೊಟ್ಟೇಲಿರೋದನ್ನ ಮಾರಿದ್ರೂ ಆ ಹರಳಿನ ಬೆಲೆ ಹುಟ್ಟಲ್ಲ” ಎಂದರು ಯಜಮಾನರು. “ಊದು.”

ಅತ್ತೆ ಎದ್ದು ಬಂದು ಸೊಸೆಯ ಕೈಯಿಂದ ಕಲ್ಲು ತೆಗೆದುಕೊಂಡಳು.

“ಏಯ್, ನಿನ್ನ ತಿದಿ ಬೇಡ, ಇಡು ಕೆಳಗೆ” ಎಂದ ಮೇಸ್ತ್ರಿ.

ಅವಳು ಇಟ್ಟಳು. ನೀರಿನ ಬೆಂಚಿನವರೆಗೂ ನಡೆದು, ತುಂಬಿದ ಬೋಗುಣಿಯೊಳಗೆ ಮೊಣಕೈ ಮುಳುಗುವಷ್ಟು ಆಳಕ್ಕೆ ಇಟ್ಟು, ಅಲ್ಲೇ ಅದುಮಿ ಹಿಡಿದಳು.

“ಧೂಳು ಏಳ್ತದಲ್ಲ ಸ್ವಾಮಿ. ನೆನೆಸ್ತಾ ಇದೀನಿ.”

ಹುರುಪೆಗಳು ಒಂದೊಂದಾಗಿ ಬಿಟ್ಟುಕೊಂಡು ತೇಲಿ, ತೇಲುತ್ತಲೇ ಇಲ್ಲವಾದವು. ನೀರು ಹಳದಿಗಟ್ಟಿತು. ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಲು ನುಗ್ಗಿದ.

“ಮುಟ್ಬೇಡ್ವೋ, ಹಿಂದಕ್ಕೆ ಬಾ” ಎಂದು ಯಜಮಾನರು ಕೂಗಿಕೊಂಡರು. “ಆ ನೀರು ಮೈಗೆ ತಾಗೀತು.”

ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಂತಿತು. ಅದನ್ನು ತಿರುಗಿಸಿ ನೋಡಿಕೊಂಡು, ಅಂಗಿಗೆ ಒರೆಸಿಕೊಂಡ.

“ಏನೂ ಆಗಲ್ಲ ಅಂದಿದ್ರಲ್ಲ ನೀವು” ಎಂದ.

ಯಜಮಾನರು ಮಾಸ್ಕನ್ನು ಇನ್ನಷ್ಟು ಬಿಗಿದುಕೊಂಡರು. ಬೆಂಚಿನ ಹೆಂಗಸರು ಬ್ರಷ್ಷು ಕೆಳಗಿಟ್ಟು ತಮ್ಮ ತಮ್ಮ ಬೆರಳು ನೋಡಿಕೊಂಡರು. ಯಾರೂ ನಗಲಿಲ್ಲ. ಸೊಸೆ ಅಳುತ್ತ ಓಡಿಬಂದು ತಬ್ಬಲು ಹೋದಳು.

“ನೀನೂ ಮುಟ್ಬೇಡ ಮಗಳೇ. ನನ್ನ ಹಿಂದೆ ಬಾ.”

ಅವಳು ಬೋಗುಣಿಯಿಂದ ಕೈ ಎತ್ತಿದಳು. ಮೊಣಕೈಯಿಂದ ಹಳದಿ ನೀರು ನೆಲದುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಆ ಕೈಯನ್ನು ಮುಂದೆ ಚಾಚಿಕೊಂಡು ಬಾಗಿಲಿನ ಕಡೆಗೆ ನಡೆದಳು. ಯಜಮಾನರು ಬಾಗಿಲು ಬಿಡಲಿಲ್ಲ. ಅವಳೂ ನಿಲ್ಲಲಿಲ್ಲ.